ಕ್ಲೋರಿನ್ ಜಾಸ್ತಿ ಆಗಿದ್ದಲ್ಲ, ಫಿಲ್ಟರ್ ಹಳೆಯದಾಗಿದ್ದು

ಮಗಳು ಈಜು ಕಲಿಯಲು ಸೇರಿ ಮೂರನೇ ವಾರ. ನೀರಿನಿಂದ ಮೇಲೆ ಬಂದವಳೇ "ಅಮ್ಮಾ, ಕಣ್ಣು ಉರೀತಿದೆ" ಅಂತ ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡಳು. ಕಣ್ಣೆರಡೂ ಕೆಂಪಾಗಿದ್ದವು. ಅಂಚಿನಲ್ಲಿ ನಿಂತಿದ್ದ ನಮಗೂ ಮೂಗಿಗೆ ಅಡರುವ ವಾಸನೆ. "ಇವತ್ತು ಕ್ಲೋರಿನ್ ಜಾಸ್ತಿ ಸುರಿದಿದ್ದಾರೆ" ಎಂದರು ಪಕ್ಕದಲ್ಲಿದ್ದವರೊಬ್ಬರು. ನಾನೂ ಇಷ್ಟು ವರ್ಷ ಹಾಗೇ ನಂಬಿದ್ದೆ. ತಡೆಯಲಾಗದೆ ಪಂಪ್ ನೋಡಿಕೊಳ್ಳುವವರ ಹತ್ತಿರ ಹೋಗಿ ಕೇಳಿಯೇಬಿಟ್ಟೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. ಟೆಸ್ಟ್ ಕಿಟ್ ತೆರೆದು, ಬೆರಳುದ್ದದ ಗಾಜಿನ ಕೊಳವೆಗೆ ಕೊಳದ ನೀರು ತುಂಬಿ, ಒಂದು ಪುಟ್ಟ ಮಾತ್ರೆ ಹಾಕಿ ಅಲ್ಲಾಡಿಸಿದರು. ತೆಳು ಗುಲಾಬಿ ಬಣ್ಣ ಬಂತು. "ಕೆಲಸ ಮಾಡೋ ಕ್ಲೋರಿನ್ ಇಷ್ಟೇ ಇರೋದು ಮೇಡಂ." ಆಮೇಲೆ ಅದೇ ನೀರಿಗೆ ಇನ್ನೊಂದು ಮಾತ್ರೆ. ನೋಡನೋಡುತ್ತಲೇ ಬಣ್ಣ ಗಾಢವಾಯಿತು. "ಈಗ ಜಾಸ್ತಿ ಆಯ್ತಲ್ಲ, ಅದು ಕೊಳೆಗೆ ಅಂಟಿಕೊಂಡು ಕೆಲಸಕ್ಕೆ ಬಾರದ ಕ್ಲೋರಿನ್. ವಾಸನೆ, ಕಣ್ಣುರಿ ಎಲ್ಲ ಅದರದ್ದೇ."

ಮನೆಗೆ ಬಂದು ಓದಿದೆ. ಅವರು ಹೇಳಿದ್ದು ಅಕ್ಷರಶಃ ಸರಿ. ಬೆವರು, ಮೂತ್ರ, ಚರ್ಮದ ಜಿಡ್ಡು ನೀರಿಗೆ ಸೇರಿದಾಗ ಕ್ಲೋರಿನ್ ಅದರೊಂದಿಗೆ ಬೆರೆತು ಕ್ಲೋರಮೀನ್ ಎಂಬ ವಸ್ತುಗಳಾಗುತ್ತವೆ. ಅದರಲ್ಲೊಂದು ಟ್ರೈಕ್ಲೋರಮೀನ್. ಇದು ನೀರಲ್ಲಿ ನಿಲ್ಲುವುದಿಲ್ಲ, ಗಾಳಿಗೆ ಏರುತ್ತದೆ. ಕಣ್ಣು ಉರಿಸುತ್ತದೆ, ಕೆಮ್ಮು ತರಿಸುತ್ತದೆ. ಚಾವಣಿ ಇರುವ ಕೊಳಗಳಲ್ಲಿ ಈಜುಗಾರರ ನೆತ್ತಿಯ ಮೇಲೇ ತೇಲುತ್ತಿರುತ್ತದೆ. ಅಂದರೆ ಈಜುಕೊಳದ ವಾಸನೆ ಎಂದು ನಾವು ಗುರುತಿಸುವುದು ಸ್ವಚ್ಛತೆಯ ವಾಸನೆಯಲ್ಲ. ಕೊಳೆ ಹೊರಗೆ ಹೋಗುತ್ತಿಲ್ಲ ಎನ್ನುವುದರ ವಾಸನೆ.

ಕೊಳೆಯನ್ನು ಹೊರಗೆ ಹಾಕಬೇಕಾದದ್ದು ಫಿಲ್ಟರ್. ಅದನ್ನು ತೋರಿಸಲು ಪಂಪ್ ನೋಡಿಕೊಳ್ಳುವವರೇ ನನ್ನನ್ನು ಪಂಪ್ ರೂಮಿಗೆ ಕರೆದುಕೊಂಡು ಹೋಗಿದ್ದರು. ಆಳೆತ್ತರದ ಮೂರು ಟ್ಯಾಂಕ್. ಒಂದನ್ನು ರಿಪೇರಿಗಾಗಿ ಬಿಚ್ಚಿದ್ದರು. ಒಳಗೆ ಕೈ ಹಾಕಿ ಒಂದು ಹಿಡಿ ಮರಳು ತೆಗೆದು ನನ್ನ ಅಂಗೈಗೆ ಹಾಕಿದರು. ಅರ್ಧ ಮಿಲಿಮೀಟರಿನ ಕಾಳು ಬೆರಳ ಸಂದಿಯಿಂದ ಸರಸರ ಉದುರಬೇಕು. ಇದು ಉದುರಲಿಲ್ಲ. ನೆಲ್ಲಿಕಾಯಿ ಗಾತ್ರದ ಗಂಟುಗಳಾಗಿತ್ತು. ಒಂದನ್ನು ಒಡೆದೆ. ಒಳಗೆ ಬೂದು ಬಣ್ಣದ ಜಿಡ್ಡು, ನಾಲ್ಕೈದು ಕೂದಲು. ಸೋಪು ಹಾಕಿ ತೊಳೆದರೂ ಕೈಯ ಜಿಗುಟು ಬೇಗ ಹೋಗಲಿಲ್ಲ. ನನ್ನ ಮಗಳು ಇದರಲ್ಲಿ ಸೋಸಿದ ನೀರಿನಲ್ಲಿ ಮುಳುಗಿ ಏಳುತ್ತಿದ್ದಾಳೆ ಅಂತ ಅನ್ನಿಸಿ ಹೊಟ್ಟೆ ತೊಳೆಸಿದ ಹಾಗಾಯಿತು.

"ಯಾವಾಗ ಬದಲಿಸಿದ್ದು?" ಎಂದೆ. "ನಾನು ಬಂದ ಮೇಲೆ ಇಲ್ಲ" ಎಂದರು. ಅವರು ಬಂದು ಒಂಬತ್ತು ವರ್ಷ. ಆ ಒಂಬತ್ತು ವರ್ಷದಲ್ಲಿ ಕೊಳಕ್ಕೆ ಹೊಸ ಟೈಲ್ಸ್ ಬಂದಿದೆ, ಜಾರುಬಂಡಿ ಬಂದಿದೆ, ಗೋಡೆಗೆ ಡಾಲ್ಫಿನ್ ಚಿತ್ರ ಬಂದಿದೆ. ಕಾಣುವುದಕ್ಕೆಲ್ಲ ದುಡ್ಡು ಸಿಕ್ಕಿದೆ. ಕಾಣದ ಮರಳಿಗೆ ಮಾತ್ರ ಸಿಕ್ಕಿಲ್ಲ.

ಮರಳು ಗಂಟು ಕಟ್ಟಿದರೆ ಏನಾಗುತ್ತದೆ ಗೊತ್ತಾ? ನೀರು ಅದರ ಮೂಲಕ ಹಾಯುವುದಿಲ್ಲ, ಗಂಟುಗಳ ನಡುವೆ ಸಂದು ಮಾಡಿಕೊಂಡು ಸೀದಾ ಇಳಿದುಹೋಗುತ್ತದೆ. ಪಂಪ್ ಓಡುತ್ತಿರುತ್ತದೆ, ಕರೆಂಟ್ ಉರಿಯುತ್ತಿರುತ್ತದೆ, ಕೊಳೆ ಸುತ್ತು ಹೊಡೆದು ಮತ್ತೆ ಕೊಳಕ್ಕೇ ಬರುತ್ತದೆ. ಹೀಗಾಗದಿರಲು ಬ್ಯಾಕ್‌ವಾಶ್ ಮಾಡಬೇಕು, ಅಂದರೆ ನೀರನ್ನು ಕೆಳಗಿನಿಂದ ಮೇಲಕ್ಕೆ ಜೋರಾಗಿ ಬಿಟ್ಟು ಮರಳನ್ನು ತೊಳೆಯಬೇಕು. ಮರಳಿನ ಹಾಸು ಪೂರ್ತಿ ಮೇಲೆದ್ದು ಕುದಿಯುವ ಹಾಗೆ ಅಲುಗಾಡಬೇಕು, ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವ ತನಕ ಬಿಡಬೇಕು. ಎಷ್ಟೋ ಕಡೆ ಪಂಪಿಗೆ ಅಷ್ಟು ಶಕ್ತಿಯೇ ಇರುವುದಿಲ್ಲ. ನೀರು ಉಳಿಸಬೇಕೆಂದು ಎರಡೇ ನಿಮಿಷಕ್ಕೆ ನಿಲ್ಲಿಸುವವರೂ ಇದ್ದಾರೆ.

ಇನ್ನೊಂದು ಲೆಕ್ಕ ಹೇಳಲೇಬೇಕು. "ಕೊಳದ ನೀರೆಲ್ಲ ಆರು ಗಂಟೆಗೊಮ್ಮೆ ಫಿಲ್ಟರ್ ಆಗುತ್ತದೆ" ಅಂತ ಬೋರ್ಡ್ ಇರುತ್ತದೆ. ಕೊಳದಷ್ಟೇ ನೀರು ಫಿಲ್ಟರ್ ಮೂಲಕ ಹೋಗಿರುತ್ತದೆ, ನಿಜ. ಆದರೆ ಸೋಸಿದ ನೀರು ಸೋಸದ ನೀರಿನ ಜೊತೆ ಬೆರೆಯುತ್ತಲೇ ಇರುತ್ತದಲ್ವಾ? ಹಾಗಾಗಿ ಒಂದು ಸುತ್ತಿಗೆ ನಿಜವಾಗಿ ಫಿಲ್ಟರ್ ಕಂಡಿರುವುದು ಸುಮಾರು ಶೇ. 63ರಷ್ಟು ನೀರು ಮಾತ್ರ. ಶೇ. 95 ಮುಟ್ಟಲು ಮೂರು ಸುತ್ತು ಬೇಕು. ಆರು ಗಂಟೆಯ ಮೂರು ಸುತ್ತು ಅಂದರೆ 18 ಗಂಟೆ. ಅಷ್ಟರೊಳಗೆ ಇನ್ನೆಷ್ಟು ಜನ ಇಳಿದಿರುತ್ತಾರೆ! ಪುಟ್ಟ ಮಕ್ಕಳ ಕೊಳ ಚಿಕ್ಕದು, ಕೊಳೆ ಜಾಸ್ತಿ. ಅಲ್ಲಿ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಗೊಮ್ಮೆ ನೀರು ತಿರುಗಬೇಕು. ದೊಡ್ಡ ಕೊಳದ ಪೈಪಿಗೇ ಅದನ್ನೂ ಜೋಡಿಸಿ ಕೈತೊಳೆದುಕೊಂಡರೆ ಸಾಲದು.

"ಕ್ಲೋರಿನ್ ಇದೆಯಲ್ಲ, ರೋಗಾಣು ಸಾಯುತ್ತವೆ ಬಿಡಿ" ಎನ್ನುವವರಿಗೆ ಕ್ರಿಪ್ಟೋಸ್ಪೊರಿಡಿಯಂ ಬಗ್ಗೆ ಹೇಳುತ್ತೇನೆ. ಭೇದಿ ತರುವ ಜೀವಿ ಇದು. ಸರಿಯಾಗಿ ಕ್ಲೋರಿನ್ ಇರುವ ನೀರಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಒಂದು ನಿಮಿಷದೊಳಗೆ ಸಾಯುತ್ತದೆ. ಜಿಯಾರ್ಡಿಯಾ ಎಂಬ ಇನ್ನೊಂದು ರೋಗಾಣುವಿಗೆ ಮುಕ್ಕಾಲು ಗಂಟೆ ಸಾಕು. ಅದೇ ನೀರಿನಲ್ಲಿ ಕ್ರಿಪ್ಟೋ ಹತ್ತು ದಿನ ಬದುಕಿರುತ್ತದೆ. ಗಾತ್ರ 4ರಿಂದ 6 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್). ಬರೀ ಮರಳು ಹಿಡಿಯುವುದು ಹೆಚ್ಚುಕಡಿಮೆ 20 ಮೈಕ್ರಾನ್‌ಗಿಂತ ದೊಡ್ಡದನ್ನು. ಕ್ಲೋರಿನ್ನಿಗೂ ಬಗ್ಗುವುದಿಲ್ಲ, ಮರಳಿಗೂ ಸಿಗುವುದಿಲ್ಲ. ಭೇದಿಯಾಗಿರುವ ಒಂದು ಮಗು ಇಳಿದರೆ ಸಾಕು.

ಇದಕ್ಕೆ ದಾರಿ ಇಲ್ಲವೇ? ಇದೆ, ಹೊಸದೂ ಅಲ್ಲ. ಪಟಿಕದಂಥ ವಸ್ತುವನ್ನು ಸ್ವಲ್ಪ ಸ್ವಲ್ಪವೇ, ಬಿಡದೆ ಫಿಲ್ಟರಿನ ಮುಂಚೆ ಸೇರಿಸಿದರೆ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಮರಳಿಗೆ ಸಿಗುವಷ್ಟು ದೊಡ್ಡದಾಗುತ್ತವೆ. ಕೆಸರು ನೀರಿಗೆ ಪಟಿಕ ಆಡಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಗೊತ್ತಿದ್ದ ವಿಷಯವೇ. ಆದರೆ ನೀರು ನಿಧಾನ ಹಾಯಬೇಕು. ಗಂಟೆಗೆ 40-50 ಮೀಟರ್ ವೇಗದಲ್ಲಿ ನುಗ್ಗಿಸಿದರೆ ಅಂಟಿದ್ದೂ ಕಿತ್ತುಕೊಂಡು ಹೋಗುತ್ತದೆ. 25 ಮೀಟರ್ ಆಸುಪಾಸು ಒಳ್ಳೆಯದು. ಅದಕ್ಕೆ ದೊಡ್ಡ ಟ್ಯಾಂಕ್ ಬೇಕು, ಹಾಗಾಗಿಯೇ ಯಾರೂ ಮುಂದೆ ಬರುವುದಿಲ್ಲ.

ಜೊತೆಗೆ ಪೈಪಿನಲ್ಲಿ ಯುವಿ, ಅಂದರೆ ಅತಿನೇರಳೆ ಬೆಳಕಿನ ದೀಪ ಕೂರಿಸಬಹುದು. ಅದು ಕ್ರಿಪ್ಟೋವನ್ನು ಸಂತಾನ ಬೆಳೆಸಲಾಗದ ಹಾಗೆ ಮಾಡುತ್ತದೆ, ಕ್ಲೋರಮೀನನ್ನೂ ಒಡೆಯುತ್ತದೆ. ಆದರೆ ಯುವಿ ಕೆಲಸ ಮಾಡುವುದು ತನ್ನ ಮುಂದೆ ಹಾದುಹೋದ ನೀರಿನ ಮೇಲೆ ಮಾತ್ರ. ನೀರು ಕಲಕಿದ್ದರೆ ಬೆಳಕು ಒಳಗೆ ಹೋಗುವುದೂ ಇಲ್ಲ. ಆದ್ದರಿಂದ ಮೊದಲು ಮರಳು, ಆಮೇಲೆ ಯುವಿ. ಈ ಕ್ರಮ ತಪ್ಪಿಸಿ ಹೊಳೆಯುವ ಯಂತ್ರ ಮಾತ್ರ ತಂದಿಟ್ಟು ಫೋಟೋ ತೆಗೆಸಿಕೊಂಡರೆ ಮಕ್ಕಳಿಗೆ ಏನೂ ಸಿಗುವುದಿಲ್ಲ.

ಕೈಯಾರೆ ಕೆಮಿಕಲ್ ಸುರಿಯುವುದೂ ನಿಲ್ಲಬೇಕು. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 7.5 ಇದ್ದಾಗ ಕ್ಲೋರಿನ್ನಿನ ಅರ್ಧದಷ್ಟು ಚುರುಕಾಗಿರುತ್ತದೆ, 8ಕ್ಕೆ ಏರಿದರೆ ಕಾಲು ಭಾಗವೂ ಇಲ್ಲ. ಅಳೆದು ಅಳೆದು ತಾನೇ ಹಾಕುವ ಕಂಟ್ರೋಲರ್ ಇರಬೇಕು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಕೊಳ ರಾತ್ರೋರಾತ್ರಿ ಹಸಿರಾಗಿದ್ದು ನೆನಪಿರಬಹುದು. ತಪ್ಪಿ ಸುರಿದ ಹೈಡ್ರೋಜನ್ ಪೆರಾಕ್ಸೈಡ್ ಕ್ಲೋರಿನ್ನಿನ ಶಕ್ತಿಯನ್ನೇ ಕೊಂದುಹಾಕಿತ್ತು.

ನೀರು ತಿಳಿಯಾಗಿರಬೇಕು ಎನ್ನುವುದು ಚಂದಕ್ಕಲ್ಲ. 2011ರಲ್ಲಿ ಅಮೆರಿಕದ ಫಾಲ್ ರಿವರ್ ಊರಿನ ಸಾರ್ವಜನಿಕ ಕೊಳದಲ್ಲಿ ಮಹಿಳೆಯೊಬ್ಬರು ಮುಳುಗಿದರು. ನೀರು ಎಷ್ಟು ಕಲಕಿತ್ತೆಂದರೆ ಸುಮಾರು ಎರಡು ದಿನ ಯಾರಿಗೂ ಕಾಣಲಿಲ್ಲ. ಮೇಲೆ ಜನ ಈಜುತ್ತಲೇ ಇದ್ದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಳದ ತುದಿಯಲ್ಲಿರುವ ಡ್ರೈನ್ ಜಾಲರಿ ಅಂಚಿನಿಂದ ಸ್ಪಷ್ಟವಾಗಿ ಕಾಣದಿದ್ದರೆ ಕೊಳ ಮುಚ್ಚಲೇಬೇಕು. ಎಷ್ಟೇ ಜನ ಟಿಕೆಟ್ ಹಿಡಿದು ನಿಂತಿರಲಿ.

ಈಜುವ ನಮ್ಮ ಪಾಲೂ ಇದೆ. ಇಳಿಯುವ ಮುಂಚೆ ಒಂದು ನಿಮಿಷ ಶವರ್ ಕೆಳಗೆ ನಿಂತರೆ ಬೆವರು, ಕ್ರೀಮು ಬಹಳಷ್ಟು ಹೋಗುತ್ತದೆ. ಮಕ್ಕಳನ್ನು ಮೊದಲೇ ಟಾಯ್ಲೆಟ್‌ಗೆ ಕರೆದುಕೊಂಡು ಹೋಗಬೇಕು. ಆದರೆ ಶವರಿನಲ್ಲಿ ನೀರೇ ಬಾರದ ಕಡೆ ಜನರನ್ನು ಬೈಯುವುದು ನ್ಯಾಯವಲ್ಲ.

ದುಡ್ಡೆಲ್ಲಿದೆ ಎಂದು ಕೇಳುತ್ತಾರೆ. ಪಂಪಿಗೆ ವೇಗ ಹೊಂದಿಸುವ ಡ್ರೈವ್ ಹಾಕಿ, ಜನ ಇಲ್ಲದ ರಾತ್ರಿಯಲ್ಲಿ ವೇಗವನ್ನು ಶೇ. 20 ಇಳಿಸಿದರೂ ಕರೆಂಟ್ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಪಂಪ್ ನಿಲ್ಲಿಸುವುದು ಬೇಡ, ನಿಧಾನ ಓಡಲಿ. ಒಂದೊಂದೇ ಟ್ಯಾಂಕ್ ಬಿಡಿಸಿ ಮರಳು ಬದಲಿಸಿದರೆ ತಿಂಗಳುಗಟ್ಟಲೆ ಬಾಗಿಲು ಹಾಕಬೇಕಿಲ್ಲ. ಆ ದಿನಗಳಲ್ಲಿ ಕಮ್ಮಿ ಜನರನ್ನು ಬಿಟ್ಟರಾಯಿತು.

ನಮ್ಮ ಬೆಳಗಿನ ಬ್ಯಾಚಿನ 31 ಜನ ಒಂದು ಅರ್ಜಿಗೆ ಸಹಿ ಹಾಕಿದ್ದೇವೆ. ಕೇಳಿರುವುದು ಎರಡೇ: ಈ ವರ್ಷವೇ ಮರಳು ಬದಲಿಸಿ, ದಿನಾ ಎರಡು ಕ್ಲೋರಿನ್ ಅಳತೆಗಳನ್ನೂ (ಕೆಲಸ ಮಾಡುವುದು, ಕೊಳೆಗೆ ಅಂಟಿದ್ದು) ಪಿಎಚ್ ಅನ್ನೂ ಬಾಗಿಲ ಬಳಿ ಬರೆದು ಹಾಕಿ. ಅಂದು ಕೈಗೆ ಬಂದ ಮರಳಿನ ಗಂಟುಗಳಲ್ಲಿ ಒಂದನ್ನು ಒಡೆಯದೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಸೋಮವಾರ ಅರ್ಜಿಯ ಜೊತೆ ಅದನ್ನೂ ಕೊಳ ನಡೆಸುವವರ ಮೇಜಿನ ಮೇಲೆ ಇಡುತ್ತೇನೆ.