ಮಳೆಯ ಪರವಾಗಿ ಕ್ಷಮೆ ಕೇಳುವ ಕೆಲಸ

ಮಡಿಕೇರಿಯ ಹತ್ತಿರದ ಒಂದು ರೆಸಾರ್ಟಿನಲ್ಲಿ ಅತಿಥಿಗಳ ಯೋಗಕ್ಷೇಮ ನೋಡಿಕೊಳ್ಳುವವನು ನಾನು. ಬಂದವರನ್ನು ಸ್ವಾಗತಿಸುವುದು, ನೋಡಬೇಕಾದ ಜಾಗಗಳ ಮಾಹಿತಿ ಕೊಡುವುದು, ದೂರುಗಳನ್ನು ಪರಿಹರಿಸುವುದು ಎಂದು ನೇಮಕಾತಿ ಪತ್ರದಲ್ಲಿದೆ. ದೂರು ರೆಸಾರ್ಟಿನ ಮೇಲೆಯೇ ಇರಬೇಕೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಹಾಗಾಗಿ ಮಳೆ, ಮಂಜು, ಕೋತಿ, ಕಪ್ಪೆ, ಜೀರುಂಡೆ, ಜಿಗಣೆ ಎಲ್ಲವೂ ನನ್ನ ಇಲಾಖೆಗೇ ಸೇರಿವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಮಳೆ ಹಿಡಿಯುತ್ತದೆ ಎಂಬುದು ಗುಟ್ಟೇನಲ್ಲ. ಆ ತಿಂಗಳುಗಳಲ್ಲಿ ಕೋಣೆ ಅಗ್ಗವಾಗಿ ಸಿಗುವುದೂ ಅದಕ್ಕೇ. ಆದರೂ ಬೆಂಗಳೂರಿನಿಂದ 250 ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದವರು ಇಳಿಯುತ್ತಲೇ ಕೇಳುತ್ತಾರೆ: "ಈ ಮಳೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ?" ಸೆಪ್ಟೆಂಬರ್ ಕೊನೆಗೆ ಎನ್ನುವುದು ಸರಿಯುತ್ತರ. "ಸಂಜೆಗೆ ಸ್ವಲ್ಪ ಬಿಡಬಹುದು ಸಾರ್" ಎನ್ನುವುದು ಸಂಬಳದ ಉತ್ತರ. ಒಮ್ಮೊಮ್ಮೆ ಸಂಜೆಗೆ ನಿಜವಾಗಿಯೂ ಬಿಡುತ್ತದೆ. ಬಿಟ್ಟ ಕೂಡಲೇ ಮಂಜು ಕವಿಯುತ್ತದೆ. ಆಗ ಫೋನು: "ಕಣಿವೆ ಕಾಣುವ ಕೋಣೆ ಎಂದು ಹೆಚ್ಚಿಗೆ ಹಣ ತೆಗೆದುಕೊಂಡಿದ್ದೀರಿ, ಎಲ್ಲಿ ಕಣಿವೆ?" ನಾನು ಹೋಗಿ ಕಿಟಕಿಯಾಚೆಯ ಬಿಳುಪಿಗೆ ಬೆರಳು ತೋರಿಸಿ, ಅಲ್ಲೇ ಇದೆ ಎನ್ನುತ್ತೇನೆ. ಒಬ್ಬರು ಬಿಲ್ಲಿನಲ್ಲಿ ಅರ್ಧ ಕಳೆಯಬೇಕೆಂದು ಪಟ್ಟು ಹಿಡಿದರು. ಅವರ ಲೆಕ್ಕದ ಪ್ರಕಾರ ಕಣಿವೆ ಅರ್ಧ ದಿನ ಮಾತ್ರ ಹಾಜರಿತ್ತು.

ಇನ್ನು ಕಾಫಿಯ ವಿಷಯ. ನಮ್ಮ ಜಾಹೀರಾತಿನ ಚಿತ್ರದಲ್ಲಿ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಗಿಡಕ್ಕೆ ಹೂ ಬಿಡಿಸುವ ಮಳೆ ಬಿದ್ದು, ವಾರ ಹತ್ತು ದಿನ ಕಳೆದ ಮೇಲೆ ಅರಳಿ, ಕೆಲವೇ ದಿನಗಳಲ್ಲಿ ಬಾಡಿಹೋಗುವ ಹೂ ಅದು. ಚಿತ್ರ ಮಾತ್ರ ವರ್ಷವಿಡೀ ಬಾಡುವುದಿಲ್ಲ. ಡಿಸೆಂಬರಿನಲ್ಲಿ ಬಂದವರೊಬ್ಬರು ಹೂವಿಲ್ಲದ ಗಿಡದ ಮುಂದೆ ಮೊಬೈಲ್ ಹಿಡಿದು, ಚಿತ್ರವನ್ನೂ ಗಿಡವನ್ನೂ ನನ್ನ ಮುಖವನ್ನೂ ಸರದಿಯಂತೆ ನೋಡಿದರು. ಕೆಂಪು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು, "ಕಾಫಿಯ ರುಚಿಯೇ ಇಲ್ಲವಲ್ಲ!" ಎಂದು ಇನ್ನೂ ಬೇಸರಪಟ್ಟರು. ಒಣಗಿಸಬೇಕು, ಹುರಿಯಬೇಕು, ಪುಡಿ ಮಾಡಬೇಕು ಎಂದು ವಿವರಿಸಿ ಕೋಣೆಗೆ ಕಳಿಸಿದೆ. ಅಲ್ಲಿ ಅವರಿಗಾಗಿ ಕಾದಿದ್ದುದು, ಸುತ್ತ ಕಣ್ಣು ಹಾಯಿಸಿದಷ್ಟು ದೂರ ಕಾಫಿ ತೋಟವಿರುವ ಈ ಊರಿನಲ್ಲಿ, ಬಿಸಿನೀರಿಗೆ ಕಲಸುವ ಇನ್‌ಸ್ಟಂಟ್ ಕಾಫಿಯ ಪೊಟ್ಟಣ. ಈ ವಿಷಯದಲ್ಲಿ ನಾನು ಸಂಪೂರ್ಣವಾಗಿ ಅತಿಥಿಗಳ ಪಕ್ಷ. ಆಡಳಿತದವರಿಗೆ ತಿಳಿಸದಿದ್ದರೆ ಸಾಕು.

ದುಬಾರೆಯ ಆನೆ ಶಿಬಿರದಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದು ಬೆಳಗಿನ ಹೊತ್ತು. ಹಿಂದಿನ ರಾತ್ರಿಯೇ, "ಬೇಗ ಎದ್ದು ತಿಂಡಿ ಮುಗಿಸಿ ಹೊರಡಿ" ಎಂದು ಎಲ್ಲರಿಗೂ ಹೇಳಿರುತ್ತೇನೆ. ಕ್ಯಾಂಪ್‌ಫೈರ್ ಮುಗಿಸಿ ನಡುರಾತ್ರಿ ಮಲಗಿದವರು ತಿಂಡಿಗೆ ಬರುವಷ್ಟರಲ್ಲಿ ಆನೆಗಳು ಮಿಂದು, ಮೈ ಒಣಗಿಸಿಕೊಂಡು, ಅರ್ಧ ದಿನದ ಕೆಲಸ ಮುಗಿಸಿರುತ್ತವೆ. "ನಾವು ಹೋದ ಮೇಲೆ ಇನ್ನೊಮ್ಮೆ ಮಾಡಿಸಲಾಗುವುದಿಲ್ಲವೇ? ಬೇಕಿದ್ದರೆ ಹಣ ಕೊಡೋಣ" ಎಂದರು ಒಬ್ಬ ಹಿರಿಯರು, ತೀರಾ ಸೌಜನ್ಯದಿಂದ. ಆನೆಯ ಅಭಿಪ್ರಾಯ ಕೇಳಬೇಕಾಗುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಬ್ಬರು ರಾತ್ರಿ ರೈಲು ಹಿಡಿಯಬೇಕು, ಹತ್ತಿರದ ನಿಲ್ದಾಣಕ್ಕೆ ಆಟೋ ತರಿಸಿ ಎಂದರು. ಕೊಡಗು ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ, ಮೈಸೂರಿಗೆ ಹೋಗಬೇಕು ಎಂದಾಗ, ಹಳಿಗಳನ್ನು ನಾನೇ ನಿನ್ನೆ ರಾತ್ರಿ ಕಿತ್ತು ಬಚ್ಚಿಟ್ಟವನಂತೆ ನೋಡಿದರು.

ಐದು ವರ್ಷದೊಳಗಿನ ಮಕ್ಕಳಿಗೆ ನಮ್ಮಲ್ಲಿ ಶುಲ್ಕವಿಲ್ಲ. ಈ ನಿಯಮ ಬಂದಾಗಿನಿಂದ ಐದು ದಾಟಿದ ಮಕ್ಕಳು ಕಾಣುವುದೇ ಅಪರೂಪ. ಮೊನ್ನೆ ತಂದೆಯೊಬ್ಬರು ನನ್ನ ಎದೆಯೆತ್ತರದ ಮಗನನ್ನು ಮುಂದಿಟ್ಟುಕೊಂಡು, "ಮುಂದಿನ ತಿಂಗಳು ಐದು ತುಂಬುತ್ತದೆ" ಎಂದರು. ನಾನು ಹುಡುಗನಿಗೆ ಚಾಕೊಲೇಟ್ ಕೊಟ್ಟು ಹೆಸರು ಕೇಳಿದೆ, ಅಷ್ಟೇ. ಅವನು ಹೆಸರು ಹೇಳಿ, ತಾನು ನಾಲ್ಕನೆಯ ತರಗತಿಯ ಮಾನಿಟರ್ ಎಂಬುದನ್ನೂ ಸೇರಿಸಿದ. ತಂದೆ ಗೋಡೆಯ ಮೇಲಿದ್ದ ತಲಕಾವೇರಿಯ ಚಿತ್ರವನ್ನು ಬಹಳ ಭಕ್ತಿಯಿಂದ ನೋಡತೊಡಗಿದರು.

ಜಿಗಣೆ ಹತ್ತಿಸಿಕೊಂಡವರ ಕಿರುಚಾಟ, ಕೋತಿ ಒಯ್ದ ಮೇಕಪ್ ಚೀಲ, ಜೀರುಂಡೆಗಳನ್ನು ಹತ್ತು ಗಂಟೆಯ ಮೇಲೆ ಬಂದ್ ಮಾಡಿಸಿ ಎಂಬ ಬೇಡಿಕೆ ದಿನನಿತ್ಯದವು. ನಮ್ಮನ್ನು ನಿಜಕ್ಕೂ ಕಂಗೆಡಿಸಿದವರು ಮಂಗಳೂರಿನ ಕಡೆಯಿಂದ ಬಂದ ವಯಸ್ಸಾದ ದಂಪತಿ. ಜೋರು ಮಳೆಯಲ್ಲಿ ಬಂದರು, ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಅಡುಗೆಯವರನ್ನು ಕೇಳಿ ಕೊಡಗಿನ ಅಕ್ಕಿಯುಂಡೆ ಕಡಂಬುಟ್ಟು ಮಾಡಿಸಿಕೊಂಡು ತಿಂದು, ಮತ್ತೆ ಅಲ್ಲೇ ಕುಳಿತರು. ವೈಫೈ ಕೇಳಲಿಲ್ಲ, ಜೀಪು ಕೇಳಲಿಲ್ಲ, ಮಳೆ ಯಾವಾಗ ನಿಲ್ಲುತ್ತದೆಂದೂ ಕೇಳಲಿಲ್ಲ. ಮ್ಯಾನೇಜರ್‌ಗೆ ದಿಗಿಲಾಯಿತು. "ಏನೋ ಅಸಮಾಧಾನ ಇರಬೇಕು, ವಿಚಾರಿಸಿ ಬಾ" ಎಂದು ನನ್ನನ್ನು ಅಟ್ಟಿದರು. ಹೋದೆ, ಎಲ್ಲ ಚೆನ್ನಾಗಿದೆ ಎಂದರು. ಊಟದ ನಂತರ ಮತ್ತೆ ಅಟ್ಟಿದರು. ಸಂಜೆ ಮತ್ತೆ. ಆಗ ಆ ಅಮ್ಮ ಚಷ್ಮಾ ತೆಗೆದು, "ಒಂದೇ ಒಂದು ತೊಂದರೆ ಇದೆ ಮಗ. ನೀನು ಪದೇ ಪದೇ ಬಂದು ತೊಂದರೆ ಇದೆಯೇ ಎಂದು ಕೇಳುತ್ತೀಯಲ್ಲ, ಅದು" ಎಂದರು.

ನಿಯಮದಂತೆ ಅದನ್ನು ದೂರು ಪುಸ್ತಕದಲ್ಲಿ ಬರೆದಿಟ್ಟೆ. ಮ್ಯಾನೇಜರ್ ಓದಿ, ಗಂಭೀರವಾಗಿ ತಲೆಯಾಡಿಸಿ, "ಕೂಡಲೇ ಹೋಗಿ ಕ್ಷಮೆ ಕೇಳಿ ಬಾ" ಎಂದರು.