ಗುಜರಿಗೆ ಹೋದ ಗಾಡಿ ಗುಜರಿಯಲ್ಲಿ ಉಳಿಯುವುದಿಲ್ಲ ಮಾರಾಯ್ರೆ

ಇವತ್ತು ಸಂಜೆ ಸೀತಾಂಗೋಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. (ಹೌದು, ಬಸ್ಸೇ. ನನ್ನ ಕಾರಿನ ಮೇಲೆ ಹಲಸಿನ ಗೆಲ್ಲು ಬಿದ್ದ ಫೋಟೋಕ್ಕೆ ಅಳುವ ಮುಖ ಒತ್ತಿದವರಿಗೆಲ್ಲ ಯಾಕೆಂದು ಗೊತ್ತುಂಟು. ಇನ್ಶೂರೆನ್ಸಿನವರು ಟೋಟಲ್ ಲಾಸ್, ಅಂದರೆ ರಿಪೇರಿ ಮಾಡಿಸಿ ಗಿಟ್ಟದ ಗಾಡಿ, ಎಂದ ಆ ಕಾರನ್ನು ನಾನು ರಿಪೇರಿ ಮಾಡಿಸಿ ಇಟ್ಟುಕೊಳ್ಳುತ್ತೇನೆ ಎಂದದ್ದಕ್ಕೆ ಬೇಡ ಎಂದು ಬುದ್ಧಿ ಹೇಳಿದವರಿಗೂ ಇದೇ ಉತ್ತರ.) ಕುಂಬಳೆ ಕಡೆಯಿಂದ ಒಂದು ಬಿಳಿ ಕಾರು ಬಂತು. ನಂಬರ್ ಎಲ್ಲೋ ನೋಡಿದ ಹಾಗಿತ್ತು. ದಾಟಿ ಹೋದ ಮೇಲೆ ಹಿಂದಿನ ಗಾಜಿನಲ್ಲಿ ಒಂದು ರೆಕ್ಕೆ ಹರಿದ ಚಿಟ್ಟೆಯ ಸ್ಟಿಕ್ಕರ್ ಕಂಡಿತು. ಅದು ನಮ್ಮ ಶಾಲೆಯ ಹಿಂದಿ ಟೀಚರರ ಕಾರು! ಹೋದ ಮಳೆಗಾಲದಲ್ಲಿ ಮಧುವಾಹಿನಿ ಹೊಳೆ ಉಕ್ಕಿ ಮಧೂರು ದೇವಸ್ಥಾನದೊಳಗೆ ನೀರು ನುಗ್ಗಿತ್ತಲ್ಲ, ಆಗ ಸೀಟಿನ ಮಟ್ಟಕ್ಕೆ ಮುಳುಗಿದ್ದ ಕಾರು. ಇನ್ಶೂರೆನ್ಸಿನವರು ಟೋಟಲ್ ಲಾಸ್ ಎಂದು ಬರೆದು, ಲಾರಿಗೆ ಹತ್ತಿಸಿ ಕಳಿಸಿದ ಕಾರು. ಅದೀಗ ಹೊಸ ಸೀಟ್ ಕವರ್ ಹಾಕಿಕೊಂಡು, ಒಳಗೆ ಒಂದು ಸಂಸಾರವನ್ನು ಕೂರಿಸಿಕೊಂಡು, ನನ್ನ ಮೇಲೆ ಕೆಸರು ಹಾರಿಸಿಕೊಂಡು ಹೋಯಿತು.

ಅಲ್ಲಿಂದಲೇ ಫೋನ್ ಮಾಡಿದೆ. "ಟೀಚರ್, ನಿಮ್ಮ ಗಾಡಿ ಈಗಷ್ಟೇ ಹೋಯ್ತಲ್ಲ?"

"ನನ್ನದೆಂತ ಗಾಡಿ ಮಾಷ್ಟ್ರೇ, ಅದು ಗುಜರಿಗೆ ಹೋಗಿ ವರ್ಷ ಆಯ್ತು."

ಗಾಡಿಯ ದಾಖಲೆ ತೋರಿಸುವ ಸರ್ಕಾರದ ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿ ಅಂದೆ. ನೋಡಿದರು. ಆರ್‌ಸಿ ಇನ್ನೂ ಅವರದೇ ಹೆಸರಿನಲ್ಲಿ! ಅವತ್ತು ಯಾರೋ ಬಂದು ಬಾನೆಟ್ಟಿನ ಮೇಲೆ ಗಾಡಿಯನ್ನು ಬೇರೆಯವರ ಹೆಸರಿಗೆ ಮಾಡುವ 29 ಮತ್ತು 30ನೇ ನಂಬರಿನ ಫಾರಂ ಇಟ್ಟು, "ಇಲ್ಲೊಂದು, ಇಲ್ಲೊಂದು" ಎಂದು ಸಹಿ ಹಾಕಿಸಿಕೊಂಡಿದ್ದರಂತೆ. ಕೊಳ್ಳುವವರ ಹೆಸರಿನ ಜಾಗ ಖಾಲಿ. ಆ ಕಾರು ನಾಳೆ ಯಾರಿಗಾದರೂ ಗುದ್ದಿದರೆ ಪರಿಹಾರದ ನೋಟೀಸು ಬರುವುದು ಟೀಚರರ ಮನೆಗೆ. ಮಾರಿದ್ದೇನೆ ಎಂದರೆ ಸಾಲದು, ಆರ್‌ಸಿಯಲ್ಲಿ ಯಾರ ಹೆಸರುಂಟೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲೇ ಹೇಳಿಯಾಗಿದೆ. ಟೀಚರ್ ಫೋನಿನಲ್ಲಿ ಸುಮ್ಮನಾದರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಯಾಕೆಂದರೆ ಇದೇ ಸಹಿ ನನ್ನಿಂದ ಹಾಕಿಸಿಕೊಳ್ಳಲು ಈಗ ದಿನಾ ಫೋನ್ ಬರ್ತಾ ಉಂಟು.

ನನ್ನ ಲೆಕ್ಕ ಹೀಗೆ. ಕಾರಿನ ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ, 3 ಲಕ್ಷ. ಶೋರೂಮಿನ ಎಸ್ಟಿಮೇಟು 2 ಲಕ್ಷದ 61 ಸಾವಿರ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಟೋಟಲ್ ಲಾಸ್ ಎಂಬುದು ಪಾಲಿಸಿಯಲ್ಲೇ ಇರುವ ನಿಯಮ. ನನ್ನ ಗಾಡಿಗೆ ಆ ಗೆರೆ 2 ಲಕ್ಷದ 25 ಸಾವಿರದಲ್ಲಿ. ದಾಟಿತು. ಅಲ್ಲಿಗೆ ಮುಗಿಯಿತು. ಎಂಜಿನ್ ಹೇಗುಂಟು, ಚಾಸಿಸ್ ನೆಟ್ಟಗುಂಟಾ ಎಂಬ ಪ್ರಶ್ನೆಗೆ ಇದರಲ್ಲಿ ಜಾಗವೇ ಇಲ್ಲ. ಬಂದ ಸರ್ವೇಯರ್ ಸಂಭಾವಿತ ಮನುಷ್ಯ, ತಪ್ಪು ಹೇಳುವುದಿಲ್ಲ. ಕೊಡೆ ಹಿಡಿದುಕೊಂಡೇ ಸುತ್ತು ಬಂದು ಫೋಟೋ ತೆಗೆದರು, ಚಾಸಿಸ್ ನಂಬರ್ ಉಜ್ಜಿ ತೆಗೆದುಕೊಂಡರು, ನನ್ನ ಹೆಂಡತಿ ಕೊಟ್ಟ ಕಷಾಯ ಕುಡಿದು ಹೋದರು. ಗಾಡಿಯ ಅಡಿಗೆ ಬಗ್ಗಿ ನೋಡುವ ಅಗತ್ಯ ಅವರಿಗೆ ಬೀಳಲಿಲ್ಲ. ಬಿದ್ದಿದ್ದರೂ ಉತ್ತರ ಬದಲಾಗುತ್ತಿರಲಿಲ್ಲ.

ಇದರೊಳಗಿನ ತಮಾಷೆ ನೋಡಿ. ಐಡಿವಿ ವರ್ಷವರ್ಷ ಇಳಿಯುತ್ತದೆ. ಆರು ತಿಂಗಳೊಳಗಿನ ಗಾಡಿಗೆ ಶೇ. 5 ಕಡಿತ, ಎರಡು ವರ್ಷ ದಾಟಿದರೆ 30, ನಾಲ್ಕು ದಾಟಿದರೆ ಸರೀ ಅರ್ಧ. ಆದರೆ ಬಾನೆಟ್ಟಿಗೋ ಬಾಗಿಲಿಗೋ ಶೋರೂಮಿನವರು ಹಾಕುವುದು ಇವತ್ತಿನ ಹೊಸ ರೇಟು. ಒಂದು ಕಡೆ ಗಾಡಿಯ ಬೆಲೆ ಇಳಿಯುತ್ತಾ, ಇನ್ನೊಂದು ಕಡೆ ಸಾಮಾನಿನ ಬೆಲೆ ಏರುತ್ತಾ ಬಂದರೆ ನಡುವೆ ಒಂದು ದಿನ ಹಲಸಿನ ಗೆಲ್ಲು ಸಾಕು, ಗಾಡಿ ಫೋಟ್! ಇದೇ ಗೆಲ್ಲು ಹೊಸ ಕಾರಿನ ಮೇಲೆ ಬಿದ್ದಿದ್ದರೆ ಅದು ರಿಪೇರಿ ಕೇಸು. ಪ್ರೀಮಿಯಂ ಕಡಿಮೆ ತೋರಿಸಲು ಐಡಿವಿಯನ್ನು ಇನ್ನೂ ಇಳಿಸಿ ಕೊಡುವ ಆನ್‌ಲೈನ್ ಪಾಲಿಸಿಗಳಲ್ಲಂತೂ ಕೇಳುವುದೇ ಬೇಡ, ಗೆರೆ ಇನ್ನೂ ಹತ್ತಿರ ಬಂದು ಕೂತಿರುತ್ತದೆ.

ಶೋರೂಮಿನ ಎಸ್ಟಿಮೇಟು ನೋಡಬೇಕು ನೀವು. ಮೇಲಿನ ತಗಡು ಬದಲು. ಬಾನೆಟ್ ಬದಲು. ಎದುರಿನ ಎರಡೂ ಬಾಗಿಲು ಬದಲು, ಒಂದರಲ್ಲಿ ಇರುವುದು ಹೆಬ್ಬೆರಳು ಕೂರುವಷ್ಟು ತಗ್ಗು. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಬಿರುಕು, ಅದಕ್ಕೆ ಇಡೀ ಡ್ಯಾಶ್‌ಬೋರ್ಡ್ ಬದಲು. ರಿಪೇರಿ ಎಂಬ ಪದ ಆ ಹಾಳೆಯಲ್ಲಿ ಎಲ್ಲಿಯೂ ಇಲ್ಲ. ಹಾಳೆ ಕೊಟ್ಟ ಹುಡುಗನೇ ಆಮೇಲೆ ಹೇಳಿದ: "ಸರ್, ಈಗ ಜಿಎಸ್‌ಟಿ ಇಳಿದಿದೆ, ಹೊಸದೇ ನೋಡಿ. ಬನ್ನಿ, ಆಚೆ ಬದಿಯಲ್ಲಿ ಡಿಸ್‌ಪ್ಲೇ ಉಂಟು." ಸತ್ತವನ ಮನೆಯ ಜಗಲಿಯಲ್ಲೇ ಮದುವೆ ಜಾತಕ ಬಿಚ್ಚಿದ ಹಾಗಾಯ್ತು.

ಇನ್ನು ದಿನಾ ಬರುವ ಫೋನಿನ ವಿಷಯ. ಹಾಳಾದ ಗಾಡಿಯನ್ನು ಇದ್ದ ಹಾಗೇ ಕೊಳ್ಳಲು ಒಬ್ಬರು 1 ಲಕ್ಷದ 5 ಸಾವಿರ ಬಿಡ್ ಹಾಕಿದ್ದಾರೆ. ಕ್ಲೈಮಿನಲ್ಲಿ ಕಡ್ಡಾಯವಾಗಿ ಮುರಿಯುವ ಸಾವಿರ ರೂಪಾಯಿ ಕಳೆದು, ಗಾಡಿ ಬಿಟ್ಟುಕೊಟ್ಟರೆ ನನ್ನ ಕೈಗೆ ಒಟ್ಟು 2,99,000. ಗಾಡಿ ನಾನೇ ಇಟ್ಟುಕೊಂಡರೆ ಆ 1,05,000 ಮುರಿದು 1,94,000. ಹೀಗೆ ಇಟ್ಟುಕೊಳ್ಳಬಹುದು ಎಂಬುದನ್ನು ಯಾರೂ ತಾವಾಗಿ ಹೇಳಲಿಲ್ಲ. ನಾನೇ ಕೇಳಿದ ಮೇಲೆ "ಹಾ, ಅದೂ ಮಾಡಬಹುದು" ಎಂಬ ಉತ್ತರ ಬಂತು. ನೆಟ್ ಆಫ್ ಸಾಲ್ವೇಜ್ ಅಂತಾರೆ, ನೆನಪಿಟ್ಟುಕೊಳ್ಳಿ. ಸಾಲ ತೀರದ ಗಾಡಿಯಾದರೆ ಮೊದಲು ಬ್ಯಾಂಕಿನವರ ಪಾಲು, ಅದು ಬೇರೆ ಕಥೆ.

ಈಗ ಹೇಳಿ. ಗುಜರಿಯ ತೂಕಕ್ಕೆ ಒಂದು ಲಕ್ಷ ಕೊಡುವ ಪುಣ್ಯಾತ್ಮ ಎಲ್ಲಿದ್ದಾನೆ? ಅವನು ಅದನ್ನು ಒಡೆಯುವುದಿಲ್ಲ, ಸರಿ ಮಾಡಿ ಮಾರುತ್ತಾನೆ. ಟೀಚರರ ಕಾರಿಗೆ ಆದದ್ದೇ ನನ್ನದಕ್ಕೂ ಆಗುವುದು. ಕೊಳ್ಳುವವನಿಗೆ ಒಂದಕ್ಷರ ಗೊತ್ತಾಗುವುದಿಲ್ಲ, ಯಾಕೆಂದರೆ ಇದು ಒಮ್ಮೆ ಟೋಟಲ್ ಆದ ಗಾಡಿ ಎಂದು ಆರ್‌ಸಿಯಲ್ಲಿ ಬರೆಯುವ ಪದ್ಧತಿಯೇ ನಮ್ಮಲ್ಲಿಲ್ಲ. ಹಾಗಾಗಿ "ಟೋಟಲ್ ಆದ ಗಾಡಿ ರಿಪೇರಿ ಮಾಡಿಸಬಾರದು" ಎಂದು ನನಗೆ ಬುದ್ಧಿ ಹೇಳುವವರೇ, ನಿಮ್ಮ ಮಾತಿನ ನಿಜವಾದ ಅರ್ಥ ಇಷ್ಟೇ: ನೀನು ಮಾಡಿಸಬೇಡ, ಗುರುತಿಲ್ಲದವನೊಬ್ಬ ಕಣ್ಣಿಗೆ ಕಾಣದ ಕಡೆ ಮಾಡಿಸಲಿ.

ಬದಿಯಡ್ಕದ ನಮ್ಮ ಟಿಂಕರಿಂಗಿನವನನ್ನು ಕರೆದು ತೋರಿಸಿದೆ. ಕಾರು ನೋಡಿ ಅವನು ಮೊದಲು ಮಾಡಿದ ಕೆಲಸ, ಎದುರಿನ ಬಾಗಿಲು ತೆಗೆದು ಬಿಟ್ಟದ್ದು. ಟಪ್ ಎಂದು ಮುಚ್ಚಿತು. ಮತ್ತೊಮ್ಮೆ ತೆಗೆದು ಕಿವಿಗೊಟ್ಟು ಬಿಟ್ಟ. ಆಮೇಲೆ ಒಡೆದ ಗಾಜಿನ ಚೂರು ಗುಡಿಸಿ, ನನ್ನ ಕೈಗೆ ಟೇಪಿನ ಒಂದು ತುದಿ ಕೊಟ್ಟು, ಗಾಜಿನ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡೂ ಕಡೆ ಅಳೆದ. ಪೆನ್ಸಿಲಿನ ಗೆರೆಯಷ್ಟು ವ್ಯತ್ಯಾಸ. ಬಾಗಿಲಿನ ಚೌಕಟ್ಟಿಗೂ ಹಾಗೇ. ಆಮೇಲೆ ಕೆಸರಿನಲ್ಲೇ ಗೋಣಿ ಹಾಸಿ ಅಡಿಗೆ ನುಗ್ಗಿದ. ಎದ್ದು ಬಂದವನು ಅಂಗಿಗೆ ಕೈ ಒರೆಸಿಕೊಂಡು ಹೇಳಿದ: "ಮೇಲಿನ ತಗಡು ಹೊರುವ ಪಿಲ್ಲರ್ ಬಗ್ಗಿಲ್ಲ ಮಾಷ್ಟ್ರೇ, ಚಾಸಿಗೆ ಎಂತದೂ ಆಗ್ಲಿಲ್ಲ. ಪೆಟ್ಟು ಬಿದ್ದದ್ದು ತಗಡಿಗೆ. ಮೇಲಿನ ತಗಡು ಮತ್ತೆ ಗಾಜು ಹೊಸದೇ ಹಾಕುವ. ಬಾನೆಟ್ ಹಳೇದು ಸಿಕ್ತದೆ. ಬಾಗಿಲು ನಾನು ಎತ್ತಿ ಕೊಡ್ತೇನೆ." ಪೈಂಟ್ ಸೇರಿ 1 ಲಕ್ಷದ 30 ಸಾವಿರ ಎಂದ. ಡ್ಯಾಶ್‌ಬೋರ್ಡಿನ ಬಿರುಕಿಗೆ ಏನು ಎಂದು ಕೇಳಿದೆ. "ಅದಕ್ಕೊಂದು ಗಣಪತಿ ಇಡಿ." ನನಗೆ ಬೇಕಾದ ಎಸ್ಟಿಮೇಟು ಇದು.

1,94,000ದಲ್ಲಿ 1,30,000 ಹೋದರೂ ಕಾರು ಅಂಗಳದಲ್ಲಿರುತ್ತದೆ, ಮೇಲೆ 64 ಸಾವಿರ ಕೈಯಲ್ಲಿ. ಕಾರು ಕೊಟ್ಟು 2,99,000 ಹಿಡಿದುಕೊಂಡು ಹೋದರೆ ಇದೇ ಮಾಡೆಲಿನ ಹಳೆಯ ಕಾರಿಗೆ ಕಾಸರಗೋಡಿನಲ್ಲೂ ಮಂಗಳೂರಿನಲ್ಲೂ ನಾಲ್ಕು ಲಕ್ಷಕ್ಕೆ ಕಡಿಮೆ ಮಾತಿಲ್ಲ. ಅದು ಯಾರ ಊರಿನ ಹೊಳೆಯಲ್ಲಿ ಮಿಂದು ಬಂದ ಕಾರೋ, ದೇವರಿಗೇ ಗೊತ್ತು.

ಬೆಂಗಳೂರಿನ ಭಾವ ಒಪ್ಪುವುದಿಲ್ಲ. ಅವನು ಎಂಜಿನಿಯರ್, ವಾಟ್ಸ್ಯಾಪಿನಲ್ಲಿ ಪುಟಗಟ್ಟಲೆ ಬರೆಯುತ್ತಾನೆ. ಈಗಿನ ಕಾರಿನ ಪಿಲ್ಲರಿನಲ್ಲಿರುವುದು ಗಟ್ಟಿ ಉಕ್ಕು, ಕಾಯಿಸಿ ಬಡಿದರೆ ಅದರ ಶಕ್ತಿ ಹೋಗುತ್ತದೆ, ಮಗುಚಿದರೆ ಮೇಲಿನ ತಗಡು ತಲೆಗೆ ಬರುತ್ತದೆ ಎಂದು. ಮಾತು ಸರಿಯೇ. ಪಿಲ್ಲರ್ ಬಗ್ಗಿದ್ದರೆ, ಏರ್‌ಬ್ಯಾಗ್ ಬಿಚ್ಚಿದ್ದರೆ ನಾನೂ ಬೇರೆ ಹೇಳುತ್ತಿದ್ದೆ. ನೀರಿನಲ್ಲಿ ಮುಳುಗಿದ್ದರಂತೂ ಆ ದಿನವೇ ಕೀಲಿಕೈ ಕೊಟ್ಟು ತಿರುಗಿ ನೋಡುತ್ತಿರಲಿಲ್ಲ. ವಯರಿಂಗಿನ ಜಾಯಿಂಟುಗಳಲ್ಲಿ ಸೇರಿದ ಕೆಸರು ನೀರು ತಿಂಗಳುಗಟ್ಟಲೆ ಒಳಗೊಳಗೇ ಹಸಿರು ಕಿಲುಬು ಹಿಡಿಸುತ್ತದೆ, ಎಂಜಿನ್ ನಡೆಸುವ ಕಂಪ್ಯೂಟರ್, ಆ ಇಸಿಯು, ಯಾವಾಗ ಕೈಕೊಡುತ್ತದೋ ಹೇಳಲಾಗದು. ಆದರೆ ನನ್ನ ಕಾರಿಗೆ ಇದ್ಯಾವುದೂ ಆಗಲಿಲ್ಲವಲ್ಲ ಭಾವ! ಮತ್ತೆ, ನಿನ್ನ ಗಟ್ಟಿ ಉಕ್ಕಿನ ಪಾಠವನ್ನು ಆ ಬಿಡ್ ಹಾಕಿದವನಿಗೆ ಯಾರು ಮಾಡುತ್ತಾರೆ? ಅವನು ಟೇಪು ಹಿಡಿಯುತ್ತಾನಾ? ಮುಳುಗಿದ ಕಾರನ್ನೇ ತೊಳೆದು ಒರೆಸಿ ಮಾರಿ, ಇವತ್ತು ಅದರಲ್ಲಿ ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು ಕೂತು ಹೋದದ್ದನ್ನು ನಾನು ಕಣ್ಣಾರೆ ನೋಡಿದೆ.

ಒಂದು ಗುಟ್ಟು ಹೇಳಿಬಿಡುತ್ತೇನೆ. ಈ ಕಾರಿನ ಮೇಲೆ ನನಗೆ ಅಂಥ ಪ್ರೀತಿಯೇನೂ ಇಲ್ಲ. ನೆನಪು, ಭಾವನೆ ಎಂದು ಕಾಮೆಂಟಿನಲ್ಲಿ ಬರೆದವರು ದಯವಿಟ್ಟು ಅಳಿಸಿ. ಎಸಿ ಹಾಕಿದರೆ ಅಡ್ಕಸ್ಥಳದ ಏರಿನಲ್ಲಿ ಕೆಮ್ಮುತ್ತದೆ, ಹಿಂದಿನ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ಬರುತ್ತದೆ. ನನ್ನದು ಶುದ್ಧ ಹೊಟ್ಟೆಕಿಚ್ಚು. ನಾನು ಕಂತು ಕಟ್ಟಿ, ಪ್ರೀಮಿಯಂ ಕಟ್ಟಿ, ಸರ್ವಿಸ್ ಮಾಡಿಸಿ ಇಟ್ಟ ಗಾಡಿಯನ್ನು ಮುಖ ನೋಡದವನೊಬ್ಬ ಲಕ್ಷಕ್ಕೆ ಹೊಡೆದು ನಾಲ್ಕಕ್ಕೆ ಮಾರುತ್ತಾನೆ ಎಂದರೆ ರಾತ್ರಿ ನಿದ್ದೆ ಬರುವುದಿಲ್ಲ.

ತಾಪತ್ರಯ ಇಲ್ಲವೆಂದಲ್ಲ. ದುಡ್ಡು ಬಂದ ಕೂಡಲೇ ಹಳೆಯ ಪಾಲಿಸಿ ರದ್ದು. ಇಷ್ಟು ವರ್ಷ ಜೋಪಾನ ಮಾಡಿದ ನೋ ಕ್ಲೈಮ್ ಬೋನಸ್ ಸೊನ್ನೆ. ಥರ್ಡ್ ಪಾರ್ಟಿಯಾದರೂ ಇಲ್ಲದೆ ರಸ್ತೆಗಿಳಿಸುವ ಹಾಗಿಲ್ಲ, ಫುಲ್ ಇನ್ಶೂರೆನ್ಸಿಗೆ ಗಾಡಿ ಪರೀಕ್ಷೆ ಆಗಬೇಕು, ಒಂದು ಕಂಪೆನಿ ಒಲ್ಲೆ ಎಂದರೆ ಇನ್ನೊಂದರ ಬಾಗಿಲು. ಅದಕ್ಕೆ ತಗಡು ಬಿಚ್ಚಿದಾಗಿನಿಂದ ಪ್ರತಿ ಹಂತದ ಫೋಟೋ ತೆಗೆದಿಡಲು ಹೇಳಿದ್ದೇನೆ, ಗಾಜಿನ ಬಿಲ್ಲು, ತಗಡಿನ ಬಿಲ್ಲು ಬೇರೆ ಬೇರೆ. ಮುಂದೆ ಮಾರುವಾಗ ಕೊಳ್ಳುವವನ ಕೈಯಲ್ಲಿ ಆ ಫೋಟೋಗಳನ್ನೇ ಇಡುತ್ತೇನೆ. ಐವತ್ತು ಸಾವಿರ ಕಡಿಮೆ ಸಿಕ್ಕಿದರೆ ಸಿಗಲಿ. ಆರ್‌ಸಿ ರದ್ದು ಮಾಡಿಸಿ ಕೊಡಿ ಎಂದು ಕಂಪೆನಿಯವರು ಒಮ್ಮೆ ಕೇಳಿ ನೋಡಿದರು. ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಲ್ಲಿ ಇರುವುದು ನಾಶವಾದ, ಇನ್ನು ಯಾವತ್ತೂ ಓಡಿಸಲಾಗದ ಗಾಡಿಯ ಮಾತು, ನನ್ನದು ಸ್ಟಾರ್ಟ್ ಆಗುತ್ತದೆ, ಬೇಕಾದರೆ ಬಂದು ಕೇಳಿ ಎಂದು ಮೇಲ್ ಹಾಕಿದೆ. ಇಂಗ್ಲಿಷಿನಲ್ಲೇ ಹಾಕಿದೆ. ಕನ್ನಡದಲ್ಲಿ ಬರೆದರೆ ಕೊಚ್ಚಿಯಲ್ಲಿ ಓದುವವರಿಲ್ಲ, ಮಲಯಾಳದಲ್ಲಿ ಬರೆದರೆ ನನಗೆ ಅಷ್ಟು ಚೆನ್ನಾಗಿ ಬೈಯಲು ಬರುವುದಿಲ್ಲ. ಇನ್ನೂ ಎಳೆದಾಡಿದರೆ ಎರ್ನಾಕುಳಂನಲ್ಲಿ ದೂರು ಕೇಳುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ, ಕಾಸರಗೋಡಿನಲ್ಲೇ ಗ್ರಾಹಕರ ಕಮಿಷನ್ ಉಂಟು.

ಟೀಚರಿಗೆ ನಾಳೆ ರಜೆ ಹಾಕಲು ಹೇಳಿದ್ದೇನೆ. ಕಂಪೆನಿಯ ಸೆಟಲ್‌ಮೆಂಟ್ ಪತ್ರ ಹಿಡಿದುಕೊಂಡು ಆರ್‌ಟಿಒ ಆಫೀಸಿಗೆ ಹೋಗಿ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಲಿ. ಬಾನೆಟ್ಟಿನ ಮೇಲೆ ಖಾಲಿ ಫಾರಂಗೆ ಸಹಿ ಹಾಕಿ ಕಳಿಸಿದವರು ಇದನ್ನು ಓದುತ್ತಿದ್ದರೆ, ಈಗಲೇ ಆ್ಯಪ್ ತೆಗೆದು ನಿಮ್ಮ ಹಳೆಯ ನಂಬರ್ ಹಾಕಿ ನೋಡಿ. ಮತ್ತೆ ಓದಿ ಮುಗಿಸಿ.

ನಮ್ಮಲ್ಲಿ ಈಗ ಉಳಿದ ಚರ್ಚೆ ಒಂದೇ. ಹೇಗೂ ಇಡೀ ಕಾರಿಗೆ ಪೈಂಟ್ ಬೀಳುತ್ತದಲ್ಲ, ಈ ಬೂದಿ ಬಣ್ಣ ಯಾಕೆ, ಕೆಂಪು ಮಾಡಿಸಿ ಎಂದು ಹೆಂಡತಿಯ ಹಟ. ಬಣ್ಣ ಬದಲಾದರೆ ಆರ್‌ಸಿಯಲ್ಲಿ ತಿದ್ದುಪಡಿ ಆಗಬೇಕು, ಮತ್ತೆ ಆರ್‌ಟಿಒ, ಮತ್ತೆ ಫಾರಂ ಎಂದೆ. "ನಿಮಗೆ ಹೇಗೂ ಕಾಗದ ಬರೆಯುವ ಹುಚ್ಚುಂಟಲ್ಲ" ಎಂಬ ಉತ್ತರ ಬಂದಿದೆ.