ನಿಲ್ಲೋದೊಂದು ಬಿಟ್ಟು ಎಲ್ಲಾ ಒರಿಜಿನಲ್

ಭಾನುವಾರದ ಹಳೇ ಕಾರುಗಳ ರ‍್ಯಾಲಿಯ ಆ ಫೋಟೊ ಪೇಪರಿನಲ್ಲಿ ನೀವೂ ನೋಡಿರುತ್ತೀರಿ. ವಿಧಾನಸೌಧದ ಮುಂದೆ ಹಳೇ ಕಾರುಗಳ ಸಾಲು, ಪಕ್ಕದಲ್ಲಿ ಮೈಸೂರು ಪೇಟ ತೊಟ್ಟ ಗಣ್ಯರು, ಒಬ್ಬರ ಕೈಲಿ ಹಸಿರು ಬಾವುಟ. ಕೆಳಗೆ 'ಪರಂಪರೆ ಉಳಿಸಬೇಕು' ಅನ್ನುವ ಎರಡು ಸಾಲು. ಪ್ರತಿವರ್ಷ ಇದೇ ಫೋಟೊ, ಬಾವುಟ ಹಿಡಿದ ಕೈ ಮಾತ್ರ ಬೇರೆ. ಆ ಸಾಲಿನ ತುದಿಯಲ್ಲಿ ಎರಡೇ ಸೀಟಿನ ಕೆಂಪು ಕಾರೊಂದು ಅರ್ಧ ಕಾಣಿಸುತ್ತಿತ್ತಲ್ಲ, ಅದು ನಮ್ಮ ಭಾವನದು. ಅದರ ಹಿಂದಿನ ಚಕ್ರದ ಕೆಳಗೆ ಒಂದು ಕಲ್ಲಿತ್ತು. ಪತ್ರಿಕೆಯವರು ಕಲ್ಲಿದ್ದ ಅರ್ಧವನ್ನು ಕತ್ತರಿಸಿ ಹಾಕಿದ್ದಾರೆ.

ಕಾರು 1968ರ ಟ್ರಯಂಫ್ ಸ್ಪಿಟ್‌ಫೈರ್. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಹುಟ್ಟಿದ್ದು, ಇಟಲಿಯ ಮಿಕೆಲೊಟ್ಟಿ ಗೆರೆ ಎಳೆದದ್ದು. ಕೊಡಗಿನ ಎಸ್ಟೇಟ್ ದೊರೆಯೊಬ್ಬ ಊರಿಗೆ ವಾಪಸು ಹೋಗುವಾಗ ಬಿಟ್ಟು ಹೋದದ್ದಂತೆ. ದೊರೆಯ ಹೆಸರು ಭಾವ ಒಂದೊಂದು ಸಲ ಒಂದೊಂದು ಹೇಳುತ್ತಾರೆ. 1296 ಸಿಸಿ ಎಂಜಿನ್, 75 ಅಶ್ವಶಕ್ತಿ, ಗಂಟೆಗೆ 150 ಕಿಲೋಮೀಟರ್ ದಾಟುತ್ತದೆ. ಎಲ್ಲಿ ದಾಟುತ್ತದೆ ಅಂತ ಕೇಳಬೇಡಿ. ಇವರ ಮನೆ ಇರುವುದು ಟ್ರಾಫಿಕ್ ಜಾಮಿಗೆ ಹೆಸರಾದ ಸಿಲ್ಕ್ ಬೋರ್ಡ್ ಹತ್ತಿರ. "ಇದಕ್ಕೆ ಸುರಿದ ದುಡ್ಡಲ್ಲಿ ಒಂದು ಸೈಟು ಬರ್ತಿತ್ತು ಕಣೋ" ಅಂತ ಅಕ್ಕ ಕಾಫಿ ಕೊಟ್ಟಾಗಲೆಲ್ಲ ನನಗೆ ಹೇಳುತ್ತಾಳೆ, ಅವರಿಗೆ ಕೇಳಿಸುವ ಹಾಗೆ.

ಈಗ ಸರ್ಕಾರವನ್ನು ಸ್ವಲ್ಪ ಹೊಗಳೋಣ. 2021ರ ಜುಲೈನಲ್ಲಿ ದೆಹಲಿಯವರು ಇಂಥ ಗಾಡಿಗಳಿಗೆಂದೇ ನಿಯಮ ಮಾಡಿದರು. 50 ವರ್ಷ ದಾಟಿದ್ದರೆ ವಿಂಟೇಜ್. ನೋಂದಣಿಗೆ 20,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ 'ವಿಎ' ಅನ್ನುವ ಎರಡು ಅಕ್ಷರ, ರಾವ್ ಬಹದ್ದೂರ್ ಬಿರುದು ಇದ್ದ ಹಾಗೆ. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು ಅಂತಲೂ ಬರೆದಿದ್ದಾರೆ. ಬ್ರೇಕ್? ಆ ಸಾಲಿನಲ್ಲಿ ಅದರ ಹೆಸರಿಲ್ಲ. ಅದು ಮೂಲದ್ದೋ ನಕಲಿಯೋ, ನಿಮ್ಮ ನಿಮ್ಮ ಮನೆದೇವರ ಇಷ್ಟ.

ಇನ್ನೂ ಸೊಗಸಾದ ಭಾಗ ಮುಂದಿದೆ. ವಿಂಟೇಜ್ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಷ್ಟಕ್ಕೆ ಮಾತ್ರ. ಇದನ್ನು ಬರೆದ ಅಧಿಕಾರಿಯ ಮನೆಯಲ್ಲೂ ಖಂಡಿತ ಇಂಥದ್ದೊಂದು ಗಾಡಿ ಇದೆ. ಈ ಕಾರುಗಳು ಪೆಟ್ರೋಲ್ ಬಂಕಿಗೂ ಗ್ಯಾರೇಜಿಗೂ ಬಿಟ್ಟು ಬೇರೆಲ್ಲೂ ಹೋಗಲ್ಲ ಅಂತ ಅನುಭವ ಇಲ್ಲದವರಿಗೆ ಹೊಳೆಯುವುದಿಲ್ಲ. ಭಾವ ಅಂತೂ ಕಾನೂನನ್ನು ಅಕ್ಷರ ಅಕ್ಷರ ಪಾಲಿಸುತ್ತಾರೆ. ತಾಂತ್ರಿಕ ಸಂಶೋಧನೆಯನ್ನೂ ಮಾಡಿದ್ದಾರೆ, ಮನೆ ಮುಂದಿನ ಇಳಿಜಾರಿನಲ್ಲಿ. ಪೆಡಲ್ ಸೀದಾ ನೆಲಕ್ಕೆ ಹೋಯಿತು. ಎದುರು ಮನೆಯವರ ತುಳಸಿಕಟ್ಟೆ ಕಾಪಾಡಿತು.

ಸಂಗತಿ ಇಷ್ಟೇ. ಹಿಂದಿನ ಎಡಗಡೆ ವೀಲ್ ಸಿಲಿಂಡರಿನಲ್ಲಿ, ಅಂದರೆ ಬ್ರೇಕ್ ಶೂ ತಳ್ಳುವ ಪುಟ್ಟ ಕೊಳವೆಯಲ್ಲಿ, ಎಂಟಾಣೆ ಅಗಲದ ರಬ್ಬರ್ ವಾಷರ್ ಒಂದಿದೆ. ಅದು ಸವೆದು ಬ್ರೇಕ್ ಆಯಿಲ್ ಸೋರಿದೆ. ಈಗಿನ ಕಾರುಗಳಲ್ಲಿ ಈ ಆಯಿಲ್ ಹರಿಯುವ ಲೈನ್ ಎರಡು ಭಾಗ ಆಗಿರುತ್ತದೆ, ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯುತ್ತದೆ. ಈ ಕಾರಿನಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಲೈನು. ಒಂದು ಕಡೆ ಸೋರಿದರೆ ನಾಲ್ಕೂ ಹೋದವು ಅಂತಲೇ ಲೆಕ್ಕ. ಸಾಲದ್ದಕ್ಕೆ ಬ್ರೇಕ್ ಆಯಿಲ್‌ಗೆ ಗಾಳಿಯ ತೇವ ಕುಡಿಯುವ ಚಟ. ಗಾಡಿ ನಿಂತಲ್ಲೇ ನಿಂತರೆ ಮುಂದಿನ ಕ್ಯಾಲಿಪರ್, ಅಂದರೆ ಡಿಸ್ಕ್ ಕಚ್ಚಿ ಹಿಡಿಯುವ ಇಕ್ಕಳದ ಪಿಸ್ಟನ್ನುಗಳಿಗೆ ಒಳಗಿಂದಲೇ ತುಕ್ಕು. ಓಡಿಸಬೇಡಿ ಅನ್ನುತ್ತದೆ ನಿಯಮ, ಓಡಿಸದಿದ್ದರೆ ಕೆಡುತ್ತೇನೆ ಅನ್ನುತ್ತದೆ ಬ್ರೇಕು.

ವಾಷರ್ ಹುಡುಕಲು ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ನಾನೂ ಹೋಗಿದ್ದೆ. ಮೊದಲ ಅಂಗಡಿಯಲ್ಲಿ "ಯಾವ ಗಾಡಿ ಸಾರ್?" ಅಂದರು. "ಸ್ಪಿಟ್‌ಫೈರ್" ಅಂದರು ಭಾವ. "ಅದು ಯುದ್ಧದ ಫ್ಲೈಟ್ ಅಲ್ವಾ ಸಾರ್? ನಮ್ಮಲ್ಲಿ ಕಾರಿಂದು ಮಾತ್ರ ಸಿಗೋದು." ಎರಡನೇ ಅಂಗಡಿಯ ಯಜಮಾನರು ಹಿರಿಯರು, ಕೇಳಿದ ತಕ್ಷಣ ಕಣ್ಣು ಅರಳಿತು. "ಹೆರಾಲ್ಡ್‌ದು ಹಾಕ್ಬಿಡಿ." ಮಾತು ಸುಮ್ನೆ ಅಲ್ಲ. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದರ ಅಣ್ಣ, ಚಾಸಿಯ ಸಂಬಂಧ. ಅದರ ಬಿಡಿಭಾಗ ಎಲ್ಲಿ ಅಂತ ಕೇಳಿದರೆ, "1995ರ ತನಕ ಇತ್ತು ಸಾರ್, ಗೋಡೌನ್ ಖಾಲಿ ಮಾಡುವಾಗ ಗುಜರಿಗೆ ತೂಕಕ್ಕೆ ಹಾಕಿದ್ವಿ" ಅಂದರು. ಭಾವನ ಮುಖ ನೋಡಬೇಕಿತ್ತು, ಮನೆಯವರೇ ತೀರಿಕೊಂಡ ಹಾಗಿತ್ತು. ಮೂರನೆಯವನು ಹುಡುಗ. ಕೇಳುವ ಮೊದಲೇ ಮಾರುತಿ 800ರ ಕಿಟ್ ತೆಗೆದಿಟ್ಟ. "ಒಂದು ನೂಲು ಜಾಸ್ತಿ ಇದೆ. ಉಜ್ಜಿ ಹಾಕ್ಕೊಳ್ಳಿ."

ಈ 'ಉಜ್ಜಿ ಹಾಕ್ಕೊಳ್ಳಿ' ನಮ್ಮ ರಾಷ್ಟ್ರೀಯ ಎಂಜಿನಿಯರಿಂಗ್. ಇಂಗ್ಲಿಷ್ ಬ್ರೇಕ್ ಪೈಪಿನ ನಟ್ಟು 3/8 ಇಂಚು. ಈಗಿನದು 10 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ, ಅರ್ಧ ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ. ಹಳೇ ನಟ್ಟನ್ನು ಈಗಿನ ತೂತಿನಲ್ಲಿ ತಿರುಗಿಸಿದರೆ ಹೋಗುತ್ತದೆ, ಬಿಗಿಯಾಯಿತು ಅಂತಲೂ ಅನಿಸುತ್ತದೆ. ನಿಜವಾಗಿ ಪೆಡಲ್ ಒತ್ತಬೇಕಾಗಿ ಬಂದ ದಿನ ಗೊತ್ತಾಗುತ್ತದೆ.

ಕೊನೆಗೆ ಇಂಗ್ಲೆಂಡಿನಿಂದಲೇ ತರಿಸಿದರು. ಕಾರು ಮಾಡಿದ ಕಂಪನಿ ಇಲ್ಲ, ಕಾರ್ಖಾನೆ ಇಲ್ಲ, ಟ್ರಯಂಫ್ ಹೆಸರಿನ ಕಾರು 1984ಕ್ಕೇ ನಿಂತಿದೆ. ಆದರೂ ಅಲ್ಲಿ ವಾಷರಿನಿಂದ ಹಿಡಿದು ಪಿಸ್ಟನ್ ತನಕ ಎಲ್ಲಾ ಹೊಸದು ಸಿಗುತ್ತದೆ. ವಾಷರ್ ಅಗ್ಗ, ತರಿಸುವ ಖರ್ಚು ಅದರ ಎಷ್ಟೋ ಪಟ್ಟು. ನಮ್ಮ ಕಸ್ಟಮ್ಸ್ ಸಾಗಣೆ ಖರ್ಚು, ವಿಮೆ ಎಲ್ಲಾ ಸೇರಿಸಿ ಮಾಲಿನ ಬೆಲೆ ಅಂತ ಹಿಡಿದು ಸುಂಕ ಹಾಕುತ್ತದೆ. ಆ ಸುಂಕವನ್ನೂ ಸೇರಿಸಿ ಮೇಲೆ ಜಿಎಸ್‌ಟಿ ಹಾಕುತ್ತದೆ. ವಿಮಾನದಲ್ಲಿ ಬಂದದ್ದಕ್ಕೂ ತೆರಿಗೆ, ತೆರಿಗೆ ಕಟ್ಟಿದ್ದಕ್ಕೂ ತೆರಿಗೆ. ಪೊಟ್ಟಣ ಬಂತು. ಬಿಚ್ಚಿದರೆ ಒಳಗಿನ ಚೀಟಿಯ ಮೂಲೆಯಲ್ಲಿ ಸಣ್ಣಕ್ಷರ: ಮೇಡ್ ಇನ್ ಇಂಡಿಯಾ. ಭಾವ ಕನ್ನಡಕ ಒರೆಸಿ ಮತ್ತೆ ಓದಿದರು. ಸ್ಪಿಟ್‌ಫೈರ್‌ಗೆ ಬ್ರೇಕ್ ಮಾಡಿಕೊಟ್ಟ ಗರ್ಲಿಂಗ್ ಕಂಪನಿಯ ಒಡೆಯರಾದ ಲ್ಯೂಕಾಸ್‌ನವರು 1962ರಲ್ಲೇ ಟಿವಿಎಸ್ ಜೊತೆ ಸೇರಿ ಮದ್ರಾಸಿನಲ್ಲಿ ಬ್ರೇಕ್ ಕಂಪನಿ ಕಟ್ಟಿದ್ದರು. ಬ್ರೇಕ್ ಮಾಡುವ ವಿದ್ಯೆ ಇಲ್ಲೇ, 350 ಕಿಲೋಮೀಟರ್ ಆಚೆ ಅರವತ್ತು ವರ್ಷದಿಂದ ಇದೆ. ನಮಗೆ ಅದು ಕಡಲು ದಾಟಿ ಬಂದರೇನೇ ಸಮಾಧಾನ.

ವಾಷರ್ ಹಾಕಿ ಮೊದಲ ಸಲ ಹೊರಟಾಗ ಹಂಪ್ ಸಿಕ್ಕಿತು. ಹಂಪಿಗೆ ಒಂದು ಲೆಕ್ಕ ಇದೆ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಪ್ರಕಾರ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಹತ್ತಿದ್ದೂ ಇಳಿದದ್ದೂ ಗೊತ್ತಾಗದಷ್ಟು ನುಣುಪು. ನಮ್ಮ ಬೀದಿಯದನ್ನು ಒಂದು ರಾತ್ರಿ ಉಳಿದ ಡಾಂಬರಿನಲ್ಲಿ ಯಾರೋ ಹಾಕಿದ್ದು. ನೋಡಿದರೆ ಒಳಗೆ ಯಾರನ್ನೋ ಹೂತ ಹಾಗಿದೆ. ಹೊಸಪೇಟೆ ಕಡೆ ಹಾಳು ಹಂಪೆ, ನಮ್ಮಲ್ಲಿ ಹಾಳು ಹಂಪು. ಪಕ್ಕದ ಬೀದಿಯವರಿಗೆ ಅವಮಾನವಾಗಿ ಅವರು ಎರಡು ಹಾಕಿಸಿಕೊಂಡರು. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಭಾವನ ಕಾರಿನ ಹೊಟ್ಟೆಗೂ ನೆಲಕ್ಕೂ ನಾಲ್ಕೈದು ಇಂಚು ಅಂತರ. ಸೈಲೆನ್ಸರ್ ಅಲ್ಲೇ ಉಳಿಯಿತು. ಅದನ್ನು ಎತ್ತಿಕೊಡಲು ಬಂದ ಆಟೊದವರು, "ಬ್ರೇಕ್ ಇಲ್ದಿದ್ರೂ ನಿಲ್ಸುತ್ತೆ ನೋಡಿ ಸಾರ್ ನಮ್ ರೋಡು" ಅಂದರು.

ನಗಬಹುದು. ಭಾವನದು ಶೋಕಿ, ವರ್ಷಕ್ಕೆ ನಾಲ್ಕು ಸಲ ಹೊರಗೆ ಬರುವ ಕಾರು. ಅದಕ್ಕೆ ಬ್ರೇಕ್ ಇಲ್ಲದಿದ್ದರೆ ತುಳಸಿಕಟ್ಟೆ ಹೋಗುತ್ತದೆ. ಜೆ.ಸಿ. ರಸ್ತೆಯಲ್ಲಿ ನಾವು ನಿಂತಿದ್ದಾಗ ಪಕ್ಕದಲ್ಲೊಬ್ಬ ಸ್ಕೂಲ್ ವ್ಯಾನ್ ಡ್ರೈವರ್ ಬ್ರೇಕ್ ಶೂ ಕೇಳುತ್ತಿದ್ದ. "ಒರಿಜಿನಲ್ಲಾ, ಡೂಪ್ಲಿಕೇಟಾ?" ಅಂದರು ಅಂಗಡಿಯವರು. "ಓನರ್ ಡೂಪ್ಲಿಕೇಟ್ ತಗೊಂಬಾ ಅಂದವ್ರೆ" ಅಂದ. ಡಬ್ಬದ ಮೇಲೆ ಒಳ್ಳೇ ಕಂಪನಿಯ ಹೆಸರು, ಒಂದಕ್ಷರ ಹೆಚ್ಚುಕಮ್ಮಿ. ಬಿಲ್ ಕೇಳಲಿಲ್ಲ, ಅವರು ಕೊಡಲೂ ಇಲ್ಲ. ಆ ವ್ಯಾನಿಗೂ ಫಿಟ್‌ನೆಸ್ ಸರ್ಟಿಫಿಕೇಟ್ ಇರುತ್ತದೆ. ನಾಳೆ ಅದು ಎಲ್ಲೋ ಗುದ್ದಿದರೆ ಪೇಪರಿನಲ್ಲಿ 'ಬ್ರೇಕ್ ಫೇಲ್' ಅಂತ ಬರುತ್ತದೆ. ಬ್ರೇಕ್ ತಾನಾಗಿ ಫೇಲ್ ಆಯಿತು, ಪಾಪ, ಯಾರೇನು ಮಾಡಕ್ಕಾಗುತ್ತೆ. ಮಾರಿದವನಿಲ್ಲ, ಹಾಕಿಸಿದವನಿಲ್ಲ, ನೋಡದೆ ಸೀಲ್ ಒತ್ತಿದವನಿಲ್ಲ. ಇಷ್ಟು ವರ್ಷದಿಂದ ಆ ಎರಡು ಪದ ಓದಿ ಓದಿ ಸಾಕಾಗಿದೆ. ತಮಾಷೆ ಮಾಡಲೂ ಬೇಜಾರು.

ಇರಲಿ, ಮತ್ತೆ ಫೋಟೊಗೆ ಬರುತ್ತೇನೆ. ಹಿಂದಿನ ಚಕ್ರ ಸರಿಯಾಯಿತು, ತುಕ್ಕು ಹಿಡಿದ ಮುಂದಿನ ಪಿಸ್ಟನ್ನಿಗೆ ತರಿಸಿದ ಬದಲಿ ಇನ್ನೂ ಕಸ್ಟಮ್ಸ್‌ನಲ್ಲಿದೆ. ಬ್ರೇಕ್ ಬಿಚ್ಚಿಟ್ಟ ಕಾರನ್ನು ಟೋಯಿಂಗ್ ಗಾಡಿಯಲ್ಲಿ ಹೇರಿಕೊಂಡೇ ರ‍್ಯಾಲಿಗೆ ಹೋಗಿದ್ದರು. ಬಾವುಟ ಬೀಸಿದಾಗ ಉಳಿದವರು ಹೊರಟರು, ಇವರು ಕೈ ಬೀಸಿದರು. ಪೇಟದ ಗಣ್ಯರೊಬ್ಬರು ಹತ್ತಿರ ಬಂದು ಬಾನೆಟ್ ಸವರಿ, "ಎಲ್ಲಾ ಒರಿಜಿನಲ್ಲಾ ಇದು?" ಅಂತ ಕೇಳಿದರು.

ಭಾವ ಬಗ್ಗಿ ಚಕ್ರದ ಕೆಳಗಿನ ಕಲ್ಲು ತೋರಿಸಿದರು. "ಇದೊಂದು ಗ್ಯಾರಂಟಿ ಸಾರ್. ಗಾಡಿ ಜೊತೆ ಎಸ್ಟೇಟ್‌ನಿಂದಲೇ ಬಂದಿದ್ದು."